ಒಂದೇ ಗೂಟಕ್ಕೆ ಎರಡು ಕೈ

ಆ ವರ್ಷ ಏಪ್ರಿಲ್‌ನಲ್ಲಿ ಸ್ಕೇಟಿಂಗ್ ಕೋಚ್ ನನ್ನನ್ನೂ ಮಗಳ ಜೊತೆಗಾರ ಹುಡುಗನ ತಾಯಿಯನ್ನೂ ಐಸ್ ರಿಂಕಿನ ಪಕ್ಕದ ಚಿಕ್ಕ ಕೋಣೆಗೆ ಕರೆದು ಕೂರಿಸಿದರು. ಲ್ಯಾಪ್‌ಟಾಪ್ ತೆರೆದು ಮಕ್ಕಳ ಹಿಂದಿನ ಸೀಸನ್ನಿನ ವಿಡಿಯೊ ಹಾಕಿದರು. ಧ್ವನಿ ಬಂದ್ ಮಾಡಿದ್ದರು.

"ಕಾಲು ನೋಡಬೇಡಿ. ಕಣ್ಣು ಎಲ್ಲಿ ನೋಡ್ತಿವೆ ಅನ್ನೋದನ್ನ ಮಾತ್ರ ನೋಡಿ."

ಕೋಚ್ ಮಾತಾಡುವುದು ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾದರೂ ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. ಇಲ್ಲಿ ಎಲ್ಲವನ್ನೂ ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

ನಾವು ಕಣ್ಣು ನೋಡಿದೆವು. ನನ್ನ ಮಗಳು ಹುಡುಗನ ಎಡ ಭುಜದ ಆಚೆ ನೋಡುತ್ತಿದ್ದಳು. ಹುಡುಗ ಅವಳ ತಲೆಯ ಮೇಲಿಂದ ಗೋಡೆ ನೋಡುತ್ತಿದ್ದ. ನಾಲ್ಕು ನಿಮಿಷಕ್ಕೂ ಕಡಿಮೆಯ ಆ ನೃತ್ಯದಲ್ಲಿ ಕೈ ಕೈಯಲ್ಲೇ ಇತ್ತು, ಬೂಟಿನ ಅಲಗುಗಳು ಒಂದೇ ಗೆರೆ ಎಳೆಯುತ್ತಿದ್ದವು, ಆದರೆ ಒಬ್ಬರ ಮುಖವನ್ನು ಒಬ್ಬರು ಒಂದು ಸಲವೂ ನೋಡಲಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಸೀಟು ಸಿಕ್ಕ ಅಪರಿಚಿತರ ಹಾಗೆ ಇದ್ದರು.

"ಇಬ್ಬರೂ ಒಳ್ಳೆ ವಿದ್ಯಾರ್ಥಿಗಳು. ಜೋಡಿ ಅಲ್ಲ" ಎಂದರು ಕೋಚ್. "ಶರತ್ಕಾಲದ ಮೊದಲ ಸ್ಪರ್ಧೆವರೆಗೂ ನೋಡ್ತೀನಿ. ಅದು ಮುಗಿದ ದಿನ ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳ್ತೀನಿ, ಮುಂದುವರಿಸ್ತೀರಾ ಅಂತ. ಹೀಗೇ ಇದ್ರೆ ಬೇರೆ ಜೋಡಿ ಹುಡುಕ್ಕೊಳ್ಳಿ ಅಂತ ನಾನೇ ಹೇಳ್ತೀನಿ. ಇನ್ನೊಂದು ವಿಷಯ. ಈ ಸಲ ಥೀಮ್ ಮಕ್ಕಳೇ ಆರಿಸ್ತಾರೆ. ನೀವಲ್ಲ."

ಐಸ್ ಡ್ಯಾನ್ಸ್ ಎಂದರೆ ಹುಡುಗಿಯನ್ನು ಎತ್ತಿ ಗಾಳಿಗೆ ಎಸೆಯುವ ಆಟವಲ್ಲ. ಇಬ್ಬರು ಹತ್ತಿರದಲ್ಲೇ ಇದ್ದು, ಒಂದೇ ತಾಳಕ್ಕೆ, ಒಬ್ಬರ ತೂಕ ಇನ್ನೊಬ್ಬರಿಗೆ ಕೊಟ್ಟು ಆಡುವ ನೃತ್ಯ. ವರ್ಷಕ್ಕೆ ಎರಡು ಪ್ರೋಗ್ರಾಂ ಇರುತ್ತವೆ. ಒಂದಕ್ಕೆ ಯಾವ ಬಗೆಯ ಸಂಗೀತ ಎಂಬುದನ್ನು ಮೇಲಿನವರೇ ನಿಗದಿ ಮಾಡುತ್ತಾರೆ. ಇನ್ನೊಂದು ಜೋಡಿಯ ಸ್ವಂತದ್ದು. ಕಥೆ, ಭಾವ, ಸಂಗೀತ ಎಲ್ಲ ಅವರ ಆಯ್ಕೆ. ಮಾರ್ಕ್ಸೂ ಎರಡು ಬಗೆ. ಪಟ್ಟುಗಳಿಗೆ ಒಂದು, ಕಲೆಗೆ ಒಂದು. ನಮ್ಮ ಮಕ್ಕಳ ಮೊದಲ ಬಗೆಯ ಮಾರ್ಕ್ಸ್ ವರ್ಷ ವರ್ಷ ಏರಿತ್ತು. ಎರಡನೆಯದು ಮೂರು ವರ್ಷದಿಂದ ನಿಂತಲ್ಲೇ ನಿಂತಿತ್ತು.

ಆಗ ಮಗಳಿಗೆ ಹದಿನಾರು, ಹುಡುಗನಿಗೆ ಹದಿನೇಳು. ಐದು ವರ್ಷದ ಜೋಡಿ. ಹುಡುಗನ ಮನೆಯವರು ಮೈಸೂರಿನ ಮುಸ್ಲಿಮರು, ಇಲ್ಲಿ ಅಮೆರಿಕದಲ್ಲಿ ನಾರ್ತ್ ಕ್ರೀಕ್‌ನಲ್ಲಿದ್ದಾರೆ. ನಮ್ಮದು ಪಕ್ಕದ ವುಡಿನ್‌ವಿಲ್. ಅವನ ತಾಯಿಯೂ ನಾನೂ ಪರಿಚಯವಾದದ್ದು ರಿಂಕಿನ ಬೆಂಚಿನ ಮೇಲೆ. ಚಳಿಗೆ ಕಂಬಳಿ ಹೊದ್ದು ಕೂತಿದ್ದ ಅವರು ಫೋನಿನಲ್ಲಿ ಯಾರಿಗೋ "ಅನ್ನಕ್ಕಿಡು, ಬರ್ತಾ ಇದೀನಿ" ಎಂದಾಗ ನಾನು ತಿರುಗಿ ನೋಡಿದ್ದೆ.

ನಮ್ಮ ಮನೆತನದಲ್ಲಿ ಮೊದಲ ಪದವೀಧರೆ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವ ಅಪ್ಪ ಇಬ್ಬರೂ ಹೆಬ್ಬೆಟ್ಟು. ಮನೆಯಲ್ಲಿ ಗಣಿತ ಹೇಳಿಕೊಡುವವರು ಯಾರೂ ಇರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಒಂದು ಗಣಿತದ ಪೇಪರ್ ಎರಡು ಸಲ ಬರೆದು ಪಾಸಾದವಳು ನಾನು. ಆ ಎರಡನೇ ಸಲ ನನ್ನನ್ನು ದಡ ಹತ್ತಿಸಿದ್ದು ಹಳೇ ಪ್ರಶ್ನೆಪತ್ರಿಕೆಗಳು. ಏನು ಕೇಳಿದ್ದಾರೆ, ಯಾವುದಕ್ಕೆ ಎಷ್ಟು ಕೊಡುತ್ತಾರೆ ಎಂದು ತಿಳಿದುಕೊಂಡು ಹೋದರೆ ಯಾರ ಹಂಗೂ ಬೇಡ ಎಂದು ಅವತ್ತೇ ನಂಬಿಬಿಟ್ಟೆ.

ಅದೇ ಬುದ್ಧಿಯನ್ನು ರಿಂಕಿನ ಮಂಜಿನ ಮೇಲಕ್ಕೂ ತಂದೆ. ಬೇರೆ ಜೋಡಿಗಳ ಯಾವ ಥೀಮಿಗೆ ಎಷ್ಟು ಸಿಕ್ಕಿದೆ ಎಂದು ಕಲೆಹಾಕಿ ವರ್ಷ ವರ್ಷ ನಾನೇ ಥೀಮ್ ಹೇಳುತ್ತಿದ್ದೆ. ಹುಡುಗನ ತಾಯಿ ಜೊತೆಗೂಡುತ್ತಿದ್ದರು. ಮೊದಲ ವರ್ಷ ರೈಲುಗಾಡಿ. ಆಮೇಲೆ ತೊಗಲುಗೊಂಬೆ. ಆಮೇಲೆ ಗಡಿಯಾರದ ಎರಡು ಮುಳ್ಳು. ಕೊನೆಯ ಎರಡು ವರ್ಷ ಕೊಕ್ಕರೆ.

ಈಗ ಪಟ್ಟಿ ಓದಿದರೆ ಯಾರಿಗಾದರೂ ಕಾಣುತ್ತದೆ. ನಮಗೆ ಮಾತ್ರ ಆಗ ಕಾಣಲಿಲ್ಲ, ಅಥವಾ ಕಾಣದವರ ಹಾಗೆ ಇದ್ದೆವು. ಈ ನೃತ್ಯದಲ್ಲಿ ನೂರಕ್ಕೆ ತೊಂಬತ್ತು ಕಥೆ ಗಂಡು ಹೆಣ್ಣಿನದ್ದೇ. ಅವು ನಮ್ಮ ಪಟ್ಟಿಗೆ ಬಂದಷ್ಟೇ ಬೇಗ ಹೊರಗೆ ಹೋಗುತ್ತಿದ್ದವು. ಕೋಚ್ ಒಂದು ಒಳ್ಳೆ ಪ್ರೇಮದ ಸಂಗೀತ ಕಳಿಸಿದರೆ ನಮ್ಮಿಬ್ಬರ ಫೋನ್ ಮಾತು ಹೀಗಿರುತ್ತಿತ್ತು:

"ಕೇಳಿದ್ರಾ?"

"ಕೇಳ್ದೆ. ಚೆನ್ನಾಗೇನೋ ಇದೆ."

"ಬೀಟ್ ಸ್ವಲ್ಪ..."

"ಹೌದಲ್ವಾ, ನನಗೂ ಹಾಗೇ ಅನ್ನಿಸ್ತು. ಬೀಟ್ ಸರಿ ಇಲ್ಲ."

ಐದು ವರ್ಷದಲ್ಲಿ ಒಂದೂ ಪ್ರೇಮಗೀತೆಯ ಬೀಟ್ ಸರಿ ಇರಲಿಲ್ಲ. ನಿಜವಾದ ಕಾರಣವನ್ನು ಅವರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕಡೆಯವರು ಹಬ್ಬಕ್ಕೆ ಸೇರಿದಾಗ "ಮಗಳು ಯಾರ ಜೊತಿ ಡ್ಯಾನ್ಸ್ ಮಾಡ್ತಾಳ್ರೀ" ಎಂದು ಕೇಳುವ ದನಿ ನನಗೆ ಗೊತ್ತು. ಅವರ ಕಡೆ ಕೇಳುವ ದನಿ ಅವರಿಗೆ ಗೊತ್ತಿರಬೇಕು. ಗೊಂಬೆ, ಕೊಕ್ಕರೆ ಎಂದರೆ ಯಾರೂ ಏನೂ ಅನ್ನುವಂತಿಲ್ಲ.

ಕೋಚ್ ಕೋಣೆಯಿಂದ ಹೊರಬಂದು ಮಗಳನ್ನು ಕೇಳಿದೆ, ಯಾಕೆ ಅವನ ಮುಖ ನೋಡುವುದಿಲ್ಲ ಎಂದು. ಅವಳು ಬೂಟಿನ ಲೇಸ್ ಬಿಚ್ಚುತ್ತಾ ಹೇಳಿದಳು:

"ನೀನು ನೋಡ್ತಾ ಇರ್ತೀಯಲ್ಲಮ್ಮ."

ಮಕ್ಕಳಿಗೆ ಥೀಮ್ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಐದು ವರ್ಷ ನಾವೇ ಯೋಚನೆ ಮಾಡಿಟ್ಟಿದ್ದೆವು. ಮೂರು ವಾರ ಕಳೆಯಿತು. ಆಮೇಲೆ ಇನ್ನೊಂದು ಸುದ್ದಿ ಬಂತು. ಬೇರೆ ರಾಜ್ಯದ ಒಬ್ಬ ಹುಡುಗಿಯ ಕಡೆಯವರು ಹುಡುಗನಿಗೆ ಸಂದೇಶ ಕಳಿಸಿದ್ದರು. ಅವಳ ಹಳೆಯ ಜೊತೆಗಾರ ಬಿಟ್ಟಿದ್ದಾನೆ, ಒಂದು ಸಲ ಬಂದು ಜೊತೆಗೆ ಸ್ಕೇಟ್ ಮಾಡಿ ನೋಡ್ತೀಯಾ ಎಂದು. ಹುಡುಗ ಅದನ್ನು ಹತ್ತು ದಿನ ಇಟ್ಟುಕೊಂಡು ಆಮೇಲೆ ನನ್ನ ಮಗಳಿಗೆ ಹೇಳಿದ. ಅವಳು ಮಾತು ಬಿಟ್ಟಳು.

ಈ ಆಟದಲ್ಲಿ ಹುಡುಗರು ಕಡಿಮೆ, ಹುಡುಗಿಯರು ಹೆಚ್ಚು. ಅವನಿಗೆ ನಾಳೆಯೇ ಜೊತೆ ಸಿಗುತ್ತದೆ. ಇವಳಿಗೆ ಸಿಗದೆ ಹೋದರೆ ಬೂಟು ಕಳಚಿಟ್ಟ ಹಾಗೆಯೇ. ಅದು ಇಬ್ಬರಿಗೂ ಗೊತ್ತಿತ್ತು.

ಆ ವಾರ ಬೆಳಿಗ್ಗೆ ಪ್ರಾಕ್ಟೀಸಿಗೆ ಇಬ್ಬರನ್ನೂ ಕರೆದುಕೊಂಡು ಹೋಗುವುದು ನನ್ನ ಪಾಳಿ. ಮಾತು ಬಿಟ್ಟ ಇಬ್ಬರ ಜೊತೆ 405 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕೂತಿರುವುದು ಬಹಳ ಕಷ್ಟ. ಮೂರನೇ ದಿನ ತಡೆಯಲಾಗದೆ ನಾನೇ ಬಾಯಿ ಬಿಟ್ಟೆ.

"ನಮ್ಮವ್ವ ಮತ್ತೆ ಬಾಜೂ ಮನೆಯಾಕಿ ಒಂದು ವರ್ಷ ಮಾತು ಬಿಟ್ಟಿದ್ರು. ಆದ್ರೂ ದಿನಾ ಬೆಳಿಗ್ಗೆ ಎದುರುಬದುರು ಕೂತು ಬೀಸ್ತಿದ್ರು."

ಹುಡುಗ ಮುಂದಿನ ಸೀಟಿನಲ್ಲಿದ್ದ. "ಏನ್ ಬೀಸ್ತಿದ್ರು ಆಂಟಿ?"

ಹೇಳಿದೆ. ಗದಗಿನಲ್ಲಿ ನಮ್ಮ ಓಣಿಗೆ ಗಿರಣಿ ಬಂದಿತ್ತು. ಆದರೂ ಮದುವೆ ಮನೆಯವರು, ಖಾನಾವಳಿಯವರು ಬೇಳೆ ಒಡೆಯುವುದು, ಗೋಧಿ ರವೆ ತೆಗೆಯುವುದು ಕಲ್ಲಿನಲ್ಲೇ ಆಗಬೇಕು ಎನ್ನುತ್ತಿದ್ದರು. ಅದು ಅವ್ವನ ಕೆಲಸ. ನಮ್ಮದು ದೊಡ್ಡ ಬೀಸುಕಲ್ಲು, ಒಬ್ಬಳಿಂದ ತಿರುಗುತ್ತಿರಲಿಲ್ಲ. ಹಿತ್ತಲಿನ ಬಟ್ಟೆ ಹಗ್ಗದ ವಿಷಯಕ್ಕೆ ಜಗಳವಾಗಿ ಬಾಜೂ ಮನೆಯಾಕೆ ಅವ್ವನ ಜೊತೆ ಮಾತು ಬಿಟ್ಟಿದ್ದಳು. ಆದರೆ ಕೆಲಸ ಇಬ್ಬರಿಗೂ ಬೇಕು. ಬಂದು ಕೂರುವಳು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕುವರು, ಎರಡು ತಾಸು ತಿರುವುವರು, ಎದ್ದು ಹೋಗುವಳು.

"ಯಾರು ಲೀಡ್ ಮಾಡ್ತಿದ್ರು?" ಎಂದ ಹುಡುಗ.

"ಯಾರೂ ಇಲ್ಲ. ಒಬ್ಬರು ಎಳೀಬೇಕಾದ್ರೆ ಇನ್ನೊಬ್ಬರು ಸಡಿಲ ಬಿಡಬೇಕು. ಇಬ್ರೂ ಎಳೆದ್ರೆ ಕಲ್ಲು ನಿಲ್ಲುತ್ತೆ."

ಹಿಂದಿನ ಸೀಟಿನಿಂದ ಮಗಳು ಮೂರು ದಿನದಲ್ಲಿ ಮೊದಲ ಸಲ ಬಾಯಿ ತೆರೆದಳು. "ಕೈ ನೋವಾದ್ರೆ?"

"ಕಲ್ಲು ನಿಲ್ಲಿಸದೆ ಕೈ ಬದಲಾಯಿಸಬೇಕು."

ರಿಂಕ್ ತಲುಪಿದ ಮೇಲೆ ನಾನು ಕಾಫಿ ತರಲು ಹೋದೆ. ಬಂದು ನೋಡಿದರೆ ಇಬ್ಬರೂ ಲಾಬಿಯ ರಬ್ಬರ್ ನೆಲದ ಮೇಲೆ ಎದುರುಬದುರು ಕೂತಿದ್ದರು. ಮಧ್ಯೆ ತರಬೇತಿಗೆ ಇಡುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್. ಅದರ ತುದಿಯನ್ನು ಇಬ್ಬರೂ ಹಿಡಿದು ತಿರುವುತ್ತಿದ್ದರು. ಮಾತಿಲ್ಲ. ಕೋನ್ ಕಿರುಗುಟ್ಟುತ್ತಿತ್ತು. ಸಂಜೆಯ ಹೊತ್ತಿಗೆ ಅವರು ಕೋಚ್‌ಗೆ ಹೇಳಿಯೂ ಆಗಿತ್ತು. ಈ ವರ್ಷದ ಥೀಮ್ ಅದೇ, ಜಗಳವಾಡಿದ ಇಬ್ಬರು ಮತ್ತು ಒಂದು ಕಲ್ಲು.

ನಾನು ಬೇಡ ಎಂದೆ.

ಕಾರಣ ಇತ್ತು. ಬಾಜೂ ಮನೆಯಾಕೆ ಬಾರದ ದಿನ ಆ ಗೂಟದ ಇನ್ನೊಂದು ಕೈ ನನ್ನದು. ಬೀಸಿ, ಮುಖ ತೊಳೆದು ಕಾಲೇಜಿಗೆ ಓಡುತ್ತಿದ್ದೆ. ಒಂದು ದಿನ ಕ್ಲಾಸಿನಲ್ಲಿ ಹಿಂದೆ ಕೂತ ಹುಡುಗಿ ನನ್ನ ಜಡೆಯಿಂದ ಹಿಟ್ಟು ಕೊಡವಿ, "ಪೌಡರ್ ಭಾಳ ಆತಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಆ ಗೂಟವನ್ನು ಮತ್ತೆ ಮುಟ್ಟಬಾರದು ಎಂದೇ ನಾನು ಓದಿದ್ದು. ಅದನ್ನು ಮಿಂಚುವ ಬಟ್ಟೆ ಹಾಕಿ, ದೀಪದ ಕೆಳಗೆ, ಚಂದ ಮಾಡಿ ಆಡುವುದು ನನಗೆ ಸೇರಲಿಲ್ಲ.

"ನೀನೇ ಹೇಳಿದ್ದು" ಎಂದಳು ಮಗಳು.

"ಮಾತಿಗೆ ಹೇಳಿದ್ದು. ಕುಣೀರಿ ಅಂತ ಹೇಳಲಿಲ್ಲ."

"ಅಮ್ಮ, ಇದಕ್ಕೂ ಬೀಟ್ ಸರಿ ಇಲ್ವಾ?"

ನಾವಿಬ್ಬರು ಫೋನಿನಲ್ಲಿ ಮಾತಾಡುತ್ತಿದ್ದದ್ದನ್ನು ಅವಳು ಐದು ವರ್ಷ ಕೇಳಿಸಿಕೊಂಡಿದ್ದಳು.

ಮಾರನೇ ದಿನ ಹುಡುಗನ ತಾಯಿಯನ್ನು ಬೆಂಚಿನ ಮೇಲೆ ಹಿಡಿದೆ. ಅವರಾದರೂ ನನ್ನ ಜೊತೆ ನಿಂತಾರು ಎಂಬ ಆಸೆ.

"ಮೊಣಕಾಲಿಗೆ ಮೊಣಕಾಲು ತಾಗಿಸ್ಕೊಂಡು ಕೂರ್ಬೇಕಂತೆ" ಎಂದರು ಅವರು. "ನಿಜಾನಾ?"

"ನಿಜ. ಕಲ್ಲು ಮಧ್ಯ ಇರುತ್ತೆ."

"ಇಲ್ಲಿ ಕಲ್ಲು ಇರಲ್ವಲ್ರೀ."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವರು ಕಂಬಳಿ ಸರಿಮಾಡಿಕೊಂಡು, ಮಂಜಿನ ಕಡೆ ನೋಡುತ್ತಲೇ ಹೇಳಿದರು: "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇಷ್ಟು ವರ್ಷ ಆ ಹಾಡುಗಳೆಲ್ಲ ಬೇಡ ಅಂದ್ವಲ್ಲ. ನಿಮಗೂ ಭಯ ಇತ್ತಾ?"

"ಇತ್ತು. ನಿಮಗೆ?"

"ನಿಮಗಿಂತ ಜಾಸ್ತಿ. ನಮ್ಮತ್ತೆಗೆ ವಿಡಿಯೊ ಕಳಿಸೋವಾಗ ನಾನು ಬರೀ ಕಾಲಿಂದು ಕಳಿಸ್ತೀನಿ ಕಣ್ರೀ. ಮಂಡಿಯಿಂದ ಕೆಳಗೆ ಮಾತ್ರ. ಅವರು ಪಾಪ, ಮೊಮ್ಮಗ ಯಾವುದು ಅಂತ ಕೇಳ್ತಾರೆ."

ಐದು ವರ್ಷ ಪಕ್ಕಪಕ್ಕ ಕೂತು ಆಡದ ಮಾತು ಅದು. ಆಡಿದ ಮೇಲೆ ಏನೂ ಬಿದ್ದುಹೋಗಲಿಲ್ಲ. ಅವರು ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿಕೊಟ್ಟರು. "ಮಾಡ್ಲಿ ಬಿಡಿ" ಎಂದರು. "ಅವನು ಹೋದ್ರೆ ಆ ರಾಜ್ಯಕ್ಕೆ ಹೋಗಿ ಬೇರೆಯವರ ಮನೇಲಿ ಇರ್ಬೇಕು. ನಂಗೆ ಅದಕ್ಕಿಂತ ಇದು ವಾಸಿ. ನಿಮ್ಮ ಮಗಳಾದ್ರೆ ನಂಗೆ ಗೊತ್ತು."

ನಾನು ಒಪ್ಪಿದ್ದು ದೊಡ್ಡ ಮನಸ್ಸಿನಿಂದಲ್ಲ. ಮಂಜಿನ ಮೇಲೆ ಅವರು ಮಾಡಿದ ಮೊದಲ ರೂಪ ನೋಡಿ ಕೆರಳಿ ಒಪ್ಪಿದೆ. ಇಬ್ಬರೂ ಹಲ್ಲು ಬಿಡುತ್ತಾ, ಸೊಂಟ ಬಳುಕಿಸುತ್ತಾ, ಹಳ್ಳಿಯ ಸಂತೋಷ ಎಂಬಂತೆ ತಿರುಗುತ್ತಿದ್ದರು. ಬೋರ್ಡಿನ ಪಕ್ಕ ನಿಂತು ಕೂಗಿದೆ: "ನಗಬ್ಯಾಡ್ರಿ. ಬೆನ್ನು ನೋಯ್ತಿರುತ್ತೆ. ಯಾರು ನಗ್ತಾರೆ?" ಕೋಚ್ ನನ್ನ ಕಡೆ ತಿರುಗಿದರು. ಹೊರಗೆ ಕಳಿಸುತ್ತಾರೆ ಎಂದುಕೊಂಡೆ. "ಇನ್ನೂ ಹೇಳಿ" ಎಂದರು.

ಹೇಳಿದೆ. ತೋಳಿನಿಂದ ಬೀಸಿದರೆ ಅರ್ಧ ತಾಸಿಗೆ ಸುಸ್ತು, ಸೊಂಟದಿಂದ ಬೀಸಬೇಕು. ಒಂದು ಕಾಲು ಚಾಚಿ, ಒಂದು ಮಡಚಿ, ಮೈಯೆಲ್ಲ ಮುಂದೆ ಹೋಗಿ ಹಿಂದೆ ಬರಬೇಕು. ಎಡಗೈ ಸುಮ್ಮನಿರುವುದಿಲ್ಲ, ಕಾಳು ಹಿಡಿದು ಕಲ್ಲಿನ ಬಾಯಿಗೆ ಹಾಕುತ್ತಿರುತ್ತದೆ. ಕೈ ಬದಲಿಸುವಾಗ ಒಂದು ಕ್ಷಣ ಗೂಟ ಒಬ್ಬರ ಕೈಯಲ್ಲೇ ಇರುತ್ತದೆ. ಇಡೀ ಭಾರ ಅವರದ್ದು. ಕೋಚ್ ಆ ಮಾತನ್ನು ಹಿಡಿದುಕೊಂಡರು. ಆ ಕ್ಷಣವನ್ನೇ ಅವರು ಲಿಫ್ಟ್, ಎಂದರೆ ಎತ್ತಿ ಹಿಡಿಯುವ ಪಟ್ಟು, ಮಾಡಿದರು. ಹುಡುಗ ಒಂದು ಕೈಯಲ್ಲಿ ಅವಳ ಭಾರ ಹೊತ್ತು ತಿರುಗುತ್ತಾನೆ, ಅವಳು ಗಾಳಿಯಲ್ಲೇ ಕೈ ಬದಲಿಸುತ್ತಾಳೆ. ಹಾಡು ಬೇಡ ಎಂದರು. ಒಂದು ಚೆಲ್ಲೊ, ಒಂದು ಡೋಲು, ಭಾರವಾಗಿ ಸುತ್ತುವ ತಾಳ; ಅಷ್ಟೇ ಸಂಗೀತ. ಬಟ್ಟೆ ಬೂದು ಬಣ್ಣದ್ದು, ಒಂದೂ ಹೊಳಪಿನ ಮಣಿ ಇಲ್ಲ. ಇಬ್ಬರೂ ಮುಖ ನೋಡಲಿ ಎಂದು ಸುತ್ತು ಸುತ್ತಿಗೂ ಒಂದು ನೋಟ ಇಟ್ಟರು.

ಜುಲೈ ತಿಂಗಳ ಒಂದು ಶನಿವಾರ ಸಂಜೆ, ಅಲ್ಲಿ ಭಾನುವಾರ ಬೆಳಿಗ್ಗೆ, ಅವ್ವನಿಗೆ ವಿಡಿಯೊ ಕಾಲ್ ಮಾಡಿ ಪ್ರಾಕ್ಟೀಸಿನ ರೆಕಾರ್ಡಿಂಗ್ ತೋರಿಸಿದೆ. ಅವ್ವ ಈಗ ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ, ಟಿವಿ ಧಾರಾವಾಹಿ ಒಂದೂ ಬಿಡುವುದಿಲ್ಲ. ಮಗಳೂ ಹುಡುಗನೂ ನನ್ನ ಎರಡು ಕಡೆ ನಿಂತು ಫೋನಿಗೆ ಬಗ್ಗಿದ್ದರು.

"ಏನ್ ಮಾಡಾಕತ್ತಾರ ಇವ್ರು?"

"ಬೀಸಾಕತ್ತಾರವ್ವ. ನೀನೂ ಬಾಜೂ ಮನಿಯಾಕಿನೂ ಬೀಸ್ತಿದ್ರಲ್ಲ, ಹಂಗ."

"ಬೀಸ್ತಾರಂತ. ಹಿಟ್ಟೆಲ್ಲಿ ಐತಿ?"

ಹುಡುಗನಿಗೆ ಅವ್ವನ ಮಾತು ಪೂರ್ತಿ ತಿಳಿಯದು. ಆದರೂ ನಕ್ಕ. ಅವ್ವ ಇನ್ನೊಮ್ಮೆ ಹಾಕು ಎಂದಳು. ಎರಡನೇ ಸಲ ಕನ್ನಡಕ ಹಾಕಿಕೊಂಡು ನೋಡಿದಳು.

"ಹುಡುಗ ಛಲೋ ಸೊಂಟ ಬಗ್ಗಿಸ್ತಾನ. ನಿನ್ನ ಮಗಳು ನಿನ್ನಂಗ, ಗಡಿಬಿಡಿ. ಖರೆ, ಒಂದು ತಪ್ಪೈತಿ."

"ಏನವ್ವ?"

"ಜಗಳಾಡಿದವ್ರು ಮೊದ್ಲಿಂದ ಹಂಗ ಮಾರಿ ನೋಡಂಗಿಲ್ಲ. ಕಲ್ಲು ನೋಡ್ತಾರ. ನಾ ಆಕಿ ಮಾರಿ ನೋಡಿದ್ದು ಯಾವಾಗಂದ್ರ, ಒಂದಿನ ಆಕಿ ಕೈ ಬದಲ ಮಾಡಾಕ ಹೋಗಿ ಜಾರಿತು. ಪೂರಾ ಭಾರ ನನ್ನ ಮ್ಯಾಲೆ ಬಂತು. ಆಗ ನೋಡಿದೆ. ಆಕೀನೂ ನೋಡಿದ್ಲು. ಅಷ್ಟ. ಮರುದಿನದಿಂದ ಮಾತಾಡಿದ್ವಿ."

ಇದನ್ನು ಅವ್ವ ನನಗೂ ಎಂದೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಆ ಕೆಲಸದ ಬಗ್ಗೆ ನನಗೆ ಗೊತ್ತಿದ್ದದ್ದು ನನ್ನ ಜಡೆಯ ಹಿಟ್ಟು ಮಾತ್ರ.

ಕೋಚ್‌ಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಇಡೀ ಪ್ರೋಗ್ರಾಮಿನಿಂದ ನೋಟಗಳನ್ನೆಲ್ಲ ಕಿತ್ತು ಹಾಕಿದರು. ಕೊನೆಯ ಲಿಫ್ಟಿನಿಂದ ಅವಳು ಇಳಿಯುವಾಗ ಒಂದು ನೋಟ, ಅದೊಂದೇ ಉಳಿಸಿದರು. ಅಭ್ಯಾಸದಲ್ಲಿ ಅದು ಒಂದು ದಿನವೂ ಸರಿ ಬರಲಿಲ್ಲ. ಮಗಳು ನೋಡಿ ನಗುತ್ತಿದ್ದಳು, ಇಲ್ಲವೇ ಹುಡುಗ ತಡಮಾಡುತ್ತಿದ್ದ. ಆ ಬೇರೆ ರಾಜ್ಯದ ಸಂದೇಶಕ್ಕೆ ಅವನು ಏನು ಉತ್ತರ ಕೊಟ್ಟ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಅವನ ತಾಯಿಗೂ ಗೊತ್ತಿರಲಿಲ್ಲ. ಕೇಳಿದರೆ "ಸ್ಪರ್ಧೆ ಆಗ್ಲಿ" ಎನ್ನುತ್ತಿದ್ದ.

ಸ್ಪರ್ಧೆ ನಮ್ಮ ಕಡೆಯ ರಿಂಕಿನಲ್ಲೇ ಇತ್ತು. ಡುವಾಲ್ ಕಡೆಯ ಕಣಿವೆಯಲ್ಲಿ ದಾರಿ ಕಾಣದಷ್ಟು ಮಂಜು ಕವಿದು, ಅಲ್ಲಿಂದ ಬರಬೇಕಿದ್ದ ಒಂದು ಜೋಡಿ ತಡವಾಗಿ, ಸರದಿ ಅದಲುಬದಲಾಯಿತು. ನಮ್ಮವರು ಅಂದುಕೊಂಡದ್ದಕ್ಕಿಂತ ಮೊದಲೇ ಇಳಿಯಬೇಕಾಯಿತು. ಹುಡುಗನ ತಾಯಿ ಫೋನ್ ತೆಗೆದು ರೆಕಾರ್ಡ್ ಒತ್ತಿದರು. ಈ ಸಲ ಫೋನ್ ಕೆಳಗೆ ಬಗ್ಗಿಸಲಿಲ್ಲ.

ಮಕ್ಕಳು ತಲೆ ತಗ್ಗಿಸಿ ಶುರುಮಾಡಿದರು. ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಏನೋ ಭಾರವಾದದ್ದು ಇದೆ ಎಂದು ನಂಬುವ ಹಾಗೆ ಅದರ ಸುತ್ತ ತಿರುಗಿದರು. ಒಬ್ಬರು ಎಳೆದಾಗ ಇನ್ನೊಬ್ಬರ ಬೆನ್ನು ಸಡಿಲವಾಗುತ್ತಿತ್ತು. ಅವ್ವನ ಬೆನ್ನು ಹಾಗೆಯೇ ಇತ್ತು. ಕೊನೆಯ ಲಿಫ್ಟಿನಲ್ಲಿ ಮಗಳು ಕೈ ಬದಲಿಸುವಾಗ ಹಿಡಿತ ನಿಜವಾಗಿಯೇ ಜಾರಿತು. ಹುಡುಗ ಇನ್ನೊಂದು ಕೈ ಕೊಟ್ಟು ಹಿಡಿದ. ಬೀಳಲಿಲ್ಲ, ಆದರೆ ಒಂದು ಸುತ್ತು ತಪ್ಪಿತು. ಅವಳು ಇಳಿದು ಅವನ ಮುಖ ನೋಡಿದಳು. ಅವನೂ ನೋಡಿದ. ಅದು ಕಲಿಸಿದ ನೋಟವಾಗಿರಲಿಲ್ಲ. ಬಿದ್ದೆಯಾ ಎಂದು ಕೇಳುವ, ಇಲ್ಲ ಎಂದು ಹೇಳುವ ನೋಟ. ಪ್ರೇಮವಲ್ಲ, ಅಥವಾ ಯಾರು ಬಲ್ಲರು. ನನಗೆ ಬೇರೆ ಕಡೆ ನೋಡಬೇಕು ಅನ್ನಿಸಲಿಲ್ಲ.

ಮಾರ್ಕ್ಸ್ ಬಂತು. ತಪ್ಪಿದ ಸುತ್ತಿಗೆ ಪಟ್ಟುಗಳ ಮಾರ್ಕ್ಸಿನಲ್ಲಿ ಕಡಿತವಾಯಿತು, ಪದಕ ಸಿಗಲಿಲ್ಲ. ಕಲೆಯ ಮಾರ್ಕ್ಸ್ ಮಾತ್ರ ಮೂರು ವರ್ಷದ ಜಾಗ ಬಿಟ್ಟು ಎದ್ದಿತ್ತು. ಕೋಚ್ ಏಪ್ರಿಲ್‌ನಲ್ಲಿ ಹೇಳಿದ್ದಂತೆಯೇ ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದರು. ಮೊದಲು ಹುಡುಗ ಹೋದ. ಅವನು ಬಂದ ಮೇಲೆ ಮಗಳು.

ಲಾಬಿಯಲ್ಲಿ ಅವನ ತಾಯಿಯೂ ನಾನೂ ನಿಂತಿದ್ದೆವು. ಹುಡುಗ ನಮ್ಮ ಹತ್ತಿರ ಬರಲಿಲ್ಲ, ಕೋಣೆಯ ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತ. ಅವನ ತಾಯಿ "ಕೇಳ್ಲಾ?" ಎಂದರು. "ಬೇಡ" ಎಂದೆ. ಪರೀಕ್ಷೆಯ ಫಲಿತಾಂಶಕ್ಕೆ ಎಷ್ಟೋ ಸಲ ಕಾದಿದ್ದೇನೆ. ಅದೆಲ್ಲ ನನ್ನ ಓದಿನ ಲೆಕ್ಕ, ಏನು ಬರೆದಿದ್ದೇನೆ ಎಂದಾದರೂ ಗೊತ್ತಿರುತ್ತಿತ್ತು. ಇಲ್ಲಿ ನನಗೆ ಗೊತ್ತಿದ್ದದ್ದು ಏನೂ ಇಲ್ಲ.

ಬಾಗಿಲು ತೆರೆಯಿತು. ಮಗಳು ಹೊರಬಂದು ಅವನನ್ನು ನೋಡಿ, "ಏನ್ ಹೇಳ್ದೆ?" ಎಂದಳು.

"ನೀನೇನ್ ಹೇಳ್ದೆ?"

"ಮೊದ್ಲು ನಾನ್ ಕೇಳಿದ್ದು."

"ಆ ಹುಡುಗಿ ಕಡೆಯವರಿಗೆ ಜೂನ್‌ನಲ್ಲೇ ಬರಲ್ಲ ಅಂತ ಬರೆದಿದ್ದೆ" ಎಂದ. "ಹೇಳಿದ್ರೆ ನೀನು ಪ್ರಾಕ್ಟೀಸಲ್ಲಿ ಕೋಪ ಮಾಡ್ಕೊಳ್ಳೋದು ಬಿಡ್ತಿದ್ದೆ. ಥೀಮ್ ಕೆಡ್ತಿತ್ತು."

ಅವಳು ಬ್ಯಾಗಿನಿಂದ ಅವನ ಭುಜಕ್ಕೆ ಒಂದು ಏಟು ಹಾಕಿದಳು. ಸಣ್ಣ ಏಟೇನಲ್ಲ. ಆಮೇಲೆ ನಮ್ಮ ಕಡೆ ತಿರುಗಿ, "ಸೋಮವಾರ ಆರು ಗಂಟೆಗೆ ಪ್ರಾಕ್ಟೀಸ್, ಅಮ್ಮ. ಲಿಫ್ಟ್ ಸರಿ ಮಾಡ್ಬೇಕು" ಎಂದಳು. ಹುಡುಗನ ತಾಯಿ ಮುಖ ಒರೆಸಿಕೊಂಡು, "ಸೋಮವಾರ ನನ್ನ ಪಾಳಿ. ನಾನು ಕರ್ಕೊಂಡ್ ಬರ್ತೀನಿ" ಎಂದರು.

ನಾಲ್ವರೂ ಪಾರ್ಕಿಂಗ್ ಕಡೆ ನಡೆದೆವು. ಮುಂದೆ ಮಕ್ಕಳಿಬ್ಬರು ಮುಂದಿನ ವರ್ಷದ ಥೀಮ್ ಬಗ್ಗೆ ತಗ್ಗಿದ ದನಿಯಲ್ಲಿ ವಾದ ಮಾಡುತ್ತಾ ಹೋಗುತ್ತಿದ್ದರು. ಲವ್ ಸಾಂಗ್ ಎನ್ನುವಂಥ ಒಂದೆರಡು ಪದ ನಮ್ಮ ಕಿವಿಗೂ ಬಿದ್ದವು. ಅವನ ತಾಯಿ ನನ್ನ ತೋಳು ಹಿಡಿದು ನಡಿಗೆ ನಿಧಾನ ಮಾಡಿದರು. ನಾನೂ ನಿಧಾನ ಮಾಡಿದೆ. ಮಕ್ಕಳ ಮಾತು ಕೇಳಿಸದಷ್ಟು ಹಿಂದೆ ಉಳಿದುಕೊಂಡು, ಅವರ ಹಿಂದೆಯೇ ನಡೆದೆವು.